ಗೆಲ್ಲಲಾರದವನ ಗೆಲುವು

ಹಲ್ಲು ಡಾಕ್ಟರು ಚದುರಂಗ ಆಡುವುದನ್ನು ನೋಡಿದರೆ ಅಕ್ಕನಿಗೆ ಹಲ್ಲುನೋವು ಬರುತ್ತಿತ್ತು. ಆಕೆ ಒಂದು ಕಾಲದ ಚಾಂಪಿಯನ್. ಈಗ ಕ್ಲಬ್ಬಿನ ಪಂದ್ಯಗಳಿಗೆ ತೀರ್ಪುಗಾರ್ತಿ. ಸಣ್ಣವರು ದೊಡ್ಡವರೆಲ್ಲ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಆಕೆ ಅವರನ್ನು ಮನಸ್ಸಿನಲ್ಲೇ ‘ಕಾಯಿ ಸವೆಸುವವರು’ ಎನ್ನುತ್ತಿದ್ದಳು.

ಆ ದಿನ ಫೈನಲ್ ಆಟ ಡಾಕ್ಟರಿಗೂ ಅವರ ಹೆಂಡತಿಯ ತಮ್ಮನಿಗೂ. ಬಾಮೈದನದು ಕನ್ನಡಕದ ಅಂಗಡಿ. ಇಬ್ಬರೂ ಒಬ್ಬರ ತಪ್ಪಿಗೆ ಇನ್ನೊಬ್ಬರು ಸಮನಾದ ತಪ್ಪು ಮಾಡುತ್ತ, ಮಧ್ಯಾಹ್ನವೆಲ್ಲ ಆಟವನ್ನು ಎಮ್ಮೆ ಎಳೆದಂತೆ ಎಳೆದರು. ಕೊನೆಗೆ ಸಭಾಂಗಣ ಕಾದಿರಿಸಿದ್ದ ಸಂಗೀತ ತರಗತಿಯವರು ತಂಬೂರಿ ಹಿಡಿದು ಬಾಗಿಲಲ್ಲಿ ನಿಂತಾಗ ಗಡಿಯಾರ ನಿಲ್ಲಿಸಬೇಕಾಯಿತು. ಅರ್ಧಕ್ಕೆ ನಿಂತ ಆಟಕ್ಕೆ ಕ್ಲಬ್ಬಿನ ನಿಯಮ ಸರಳ: ಇಲ್ಲಿಂದ ಮುಂದೆ ಇಬ್ಬರೂ ಸರಿಯಾಗಿ ಆಡಿದರೆ ಏನಾಗುತ್ತದೋ ಅದೇ ಫಲಿತಾಂಶ.

ಬಾಮೈದನ ಬಳಿ ಉಳಿದಿದ್ದದ್ದು ಒಂಟಿ ರಾಜ. ಡಾಕ್ಟರ ಬಳಿ ರಾಜ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ, ಹಲಗೆಯ ಅಂಚಿನ ಸಾಲಿನಲ್ಲಿ ಒಂದು ಕಾಲಾಳು. ಮುಂದಿನ ನಡೆಯೂ ಅವರದೇ. ಆ ಕಾಲಾಳು ಮಂತ್ರಿಯಾಗಬೇಕಾದ ಮೂಲೆಯ ಮನೆ ಮಾತ್ರ ಕಪ್ಪು. ಎದುರಾಳಿಯ ರಾಜ ಆ ಮೂಲೆಯಲ್ಲಿ ಹೊಕ್ಕು ಕೂತುಬಿಟ್ಟರೆ ಬಿಳಿ ಮನೆಯ ಒಂಟೆ ಅವನನ್ನು ಅಲುಗಾಡಿಸಲಾರದು. ಇದು ಆಟ ಕಲಿತ ಮೊದಲ ವರ್ಷವೇ ತಿಳಿಯುವ ಪಾಠ.

ಅಕ್ಕ ಕೂರಲೂ ಇಲ್ಲ. ಚೀಲ ಹೆಗಲಿಗೇರಿಸಿಕೊಂಡೇ ಬಗ್ಗಿ ನೋಡಿದಳು.

“ಡ್ರಾ.”

“ಏನು ಡ್ರಾ ಅಕ್ಕ?” ಡಾಕ್ಟರು ಫೋನು ಅವಳ ಮೂಗಿನ ಹತ್ತಿರ ಹಿಡಿದರು. “ಕಂಪ್ಯೂಟರ್ ನೋಡಿ! ಯಾರು ಗೆಲ್ತಾರೆ ಅಂತ ತೋರಿಸೋ ಪಟ್ಟಿ ಪೂರ್ತಿ ನನ್ನ ಕಾಯಿಗಳ ಹಾಗೆ ಬೆಳ್ಳಗಿದೆ. ಗೆಲುವು ನಂದೇ ಅಂತಿದೆ.”

“ಅದು ಅನ್ನುತ್ತೆ. ನೀವೇನಂತೀರಿ? ಹೇಗೆ ಗೆಲ್ತೀರಿ?”

“ಹೇಗೆ ಅಂದ್ರೆ? ಕಾಲಾಳು ಮುಂದೆ ತಳ್ತೀನಿ.”

“ತಳ್ಳಿ.”

ಡಾಕ್ಟರು ತಳ್ಳಿದರು. ಬಾಮೈದ ಹಲ್ಲುಕಿರಿಯುತ್ತ ರಾಜನನ್ನು ಮೂಲೆಯ ಪಕ್ಕದ ಮನೆಗೆ ತಂದ. ಮುಂದಿನ ನಡೆಗೆ ಮೂಲೆಗೇ ಹೊಕ್ಕ. ಡಾಕ್ಟರು ಒಂಟೆಯನ್ನು ಅತ್ತ ಇತ್ತ ಆಡಿಸಿದರು. ರಾಜ ಕದಲಲಿಲ್ಲ. ತಂಬೂರಿಯವರೂ ನಕ್ಕರು.

“ಭಾವ, ನಿಮ್ಮ ಪಟ್ಟಿ ಇನ್ನೂ ಬೆಳ್ಳಗಿದೆಯಾ?” ಎಂದ ಬಾಮೈದ.

“ಯಂತ್ರಕ್ಕೆ ಬುದ್ಧಿ ಇದ್ರೂ ಅದನ್ನ ಹಿಡಿದಿರೋ ಕೈಗೆ ಬೇಡ್ವಾ?” ಎಂದು ಅಕ್ಕ ಮೆಟ್ಟಿಲಿಳಿದಳು. ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು.

ಆದರೆ ಬಸ್ ನಿಲ್ದಾಣದಲ್ಲಿ ನಿಂತಾಗ ಒಂದು ಮುಳ್ಳು ಚುಚ್ಚತೊಡಗಿತು. ಡಾಕ್ಟರು ದಡ್ಡರು, ಸರಿ. ಯಂತ್ರ ದಡ್ಡ ಅಲ್ಲವಲ್ಲ. ಮೊದಲ ವರ್ಷದ ಪಾಠ ಅದಕ್ಕೂ ಗೊತ್ತು. ಹಾಗಿದ್ದರೆ ಆ ಪಟ್ಟಿ ಏಕೆ ಬೆಳ್ಳಗಿತ್ತು?

ಕಣ್ಣು ಮುಚ್ಚಿ ಹಲಗೆಯನ್ನು ಮತ್ತೆ ಜೋಡಿಸಿದಳು. ಒಂಟಿ ರಾಜ ಇನ್ನೂ ಮೂಲೆ ತಲುಪಿರಲಿಲ್ಲ. ಅವನಿಗಿದ್ದದ್ದು ಒಂದೇ ಬಾಗಿಲು, ಮೂಲೆಯ ಪಕ್ಕದ ಆ ಬಿಳಿ ಮನೆ. ಉಳಿದ ದಾರಿಯನ್ನು ಡಾಕ್ಟರ ರಾಜ ಆಗಲೇ ಕಟ್ಟಿ ನಿಂತಿದ್ದ. ಕಾಲಾಳನ್ನು ಮುಟ್ಟದೆ ಒಂಟೆಯನ್ನು ಓರೆಯಾಗಿ ಒಂದೇ ಮನೆ ಸರಿಸಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು. ಆಮೇಲೆ ಕಾಲಾಳು ಹಾಡು ಹೇಳಿಕೊಂಡು ನಡೆದು ಹೋಗಿ ಮಂತ್ರಿಯಾಗುತ್ತಿತ್ತು.

ಗೆದ್ದ ಆಟ. ಅಪ್ಪಟ ಗೆದ್ದ ಆಟ.

ಬಸ್ಸು ಬಂತು. ಅಕ್ಕ ಹತ್ತಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು, ಆ ಗುಂಪಿನಲ್ಲಿ ಯಾರಿಗೂ ಇದು ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಪಟ್ಟಿಯ ಕೆಳಗೇ ನಡೆಗಳನ್ನು ಬರೆದಿದ್ದರೂ ಡಾಕ್ಟರು ಅದನ್ನು ಓದುವ ಪೈಕಿಯವರಲ್ಲ. ಅವರಿಗೆ ಬಾಯಿ ಅಗಲಿಸಿ ತೋರಿಸಿದ್ದಷ್ಟೇ ಕಾಣುವುದು. ಆದರೆ ಇಂಥವರ ಎದುರು ಸುಳ್ಳು ತೀರ್ಪು ಕೊಟ್ಟು ಬದುಕುವುದೆಂದರೆ ಅವರ ಮಟ್ಟಕ್ಕೇ ಇಳಿದಂತೆ. ಆ ಯೋಚನೆಯೇ ಅವಳನ್ನು ತಿರುಗಿಸಿತು.

ಸಭಾಂಗಣದ ಹೊರಗೆ ಎಲ್ಲರೂ ಇನ್ನೂ ಹರಟುತ್ತಿದ್ದರು. ಡಾಕ್ಟರು ಇಂಗು ತಿಂದ ಮಂಗನಂತೆ ನಿಂತಿದ್ದರು.

“ತೀರ್ಪು ತಪ್ಪು,” ಎಂದಳು ಅಕ್ಕ. “ಡಾಕ್ಟ್ರ ಗೆಲುವು. ಒಂಟೆ ಮೊದಲು ಸರಿಸಬೇಕಿತ್ತು. ನಾನು ನೋಡಲಿಲ್ಲ.”

“ಇದ್ಯಾವ ನ್ಯಾಯ ಅಕ್ಕ?” ಬಾಮೈದನ ದನಿ ಏರಿತು. “ಈಗ ತಾನೇ ಎಲ್ಲರ ಎದುರು ಭಾವ ಆಡಿ ಕೆಡಿಸಿದ್ರಲ್ಲ!”

“ಗಡಿಯಾರ ನಿಂತ ಮೇಲೆ ಆಡಿಸಿದವಳು ನಾನು, ಅದು ಲೆಕ್ಕಕ್ಕಿಲ್ಲ. ತೀರ್ಪು ಹಲಗೆಗೆ, ಆಡುವವನ ತಲೆಗಲ್ಲ. ತಲೆಗಾಗಿದ್ರೆ ಇಬ್ಬರಿಗೂ ಸೋಲು ಕೊಡ್ತಿದ್ದೆ.”

ಡಾಕ್ಟರ ಮುಖ ಅರಳಿತು. “ನಾನು ಆಗ್ಲೇ ಹೇಳಿದ್ನಲ್ಲ ಅಕ್ಕ! ಒಂಟೆ ನಡೆ ನನ್ನ ಮನಸ್ಸಲ್ಲೂ ಇತ್ತು.”

“ಇತ್ತು, ಇತ್ತು. ಅಲ್ಲೇ ಇಟ್ಕೊಂಡಿದ್ರಿ, ಹೊರಗೆ ತೆಗೆದ್ರೆ ಸವೆದು ಹೋಗುತ್ತೆ ಅಂತ.”

ಮುಂದಿನ ತಿಂಗಳ ಸಭೆಯಲ್ಲಿ ಡಾಕ್ಟರೇ ಒಂದು ಸಲಹೆ ಇಟ್ಟರು: ತೀರ್ಪುಗಾರರೂ ಎಡವುತ್ತಾರೆಂದು ಸಾಬೀತಾದ ಮೇಲೆ ಇನ್ನು ಕಂಪ್ಯೂಟರೇ ತೀರ್ಪು ಕೊಡಲಿ. ಗೆಲುವನ್ನು ಕೈಗಿಟ್ಟವಳ ಹೆಸರೆತ್ತುವ ಸೌಜನ್ಯವೂ ಅವರಿಗಿರಲಿಲ್ಲ. ಎಲ್ಲರೂ ಕೈಯೆತ್ತಿದರು. ಬಾಮೈದ ಎರಡೂ ಕೈ ಎತ್ತಿದ.

ಕಾರ್ಯದರ್ಶಿ ತೊದಲುತ್ತ ವಿಷಯ ತಿಳಿಸಿದಾಗ ಅಕ್ಕನ ಎದೆಯಲ್ಲೇನೋ ಚುಳ್ಳೆಂದದ್ದು ನಿಜ.

“ಒಳ್ಳೇದಾಯ್ತು ಬಿಡಪ್ಪ,” ಎಂದಳು. “ಪಾಪ, ಅದಕ್ಕೆ ಮುಖ ಸಿಂಡರಿಸೋಕೆ ಬರಲ್ಲ. ನಿಮ್ಮ ಆಟ ನೋಡೋಕೆ ಅದೇ ಸರಿ.”