ಕಾಲ್ಗುಣ

“ಎಲ್ಲಾ ನಮ್ಮ ಪುಟ್ಟಿ ಕಾಲ್ಗುಣ ಅತ್ತೆ, ಇನ್ನೇನೂ ಅಲ್ಲ!” ಎನ್ನುತ್ತ ಸೊಸೆ ಒಂದು ಹಾಳೆಯನ್ನು ತಿಂಡಿಯ ಮೇಜಿನ ಮೇಲೆ ಹರಡಿದಳು. “ನೋಡಿ, ಹನ್ನೊಂದಕ್ಕೆ ಹನ್ನೊಂದೂ ಇವಳು ಹುಟ್ಟಿದ ಮೇಲೆ ಬಂದಿರೋದು. ಅದಕ್ಕೆ ಮುಂಚೆ ನಾಲ್ಕು ವರ್ಷ, ಒಂದೂ ಇಲ್ಲ!”

ಎರಡು ವರ್ಷದ ಪುಟ್ಟಿ ಬ್ರೆಡ್ಡನ್ನು ತಲೆಗೆ ಮೆತ್ತಿಕೊಳ್ಳುವುದರಲ್ಲಿ ಮುಳುಗಿಹೋಗಿದ್ದಳು. ಅವಳ ಹಾಲನ್ನು ಊದಿ ಊದಿ ಆರಿಸುತ್ತಿದ್ದ ಅತ್ತೆ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು.

ಅತ್ತೆ, ಸೊಸೆ ಇಬ್ಬರಿಗೂ ಕೆಲಸ ಒಂದೇ ಕಡೆ. ನೆಲದಡಿ ನೂರು ಮೀಟರ್ ಆಳದಲ್ಲಿ ಉಂಗುರದಂಥ ಸುರಂಗ. ಅದರೊಳಗೆ ಪ್ರೋಟಾನುಗಳನ್ನು ಶರವೇಗದಲ್ಲಿ ಓಡಿಸಿ ಒಂದಕ್ಕೊಂದು ಡಿಕ್ಕಿ ಹೊಡೆಸುವ ಯಂತ್ರ. ಸಿಡಿದ ಚೂರುಗಳು ಎಡಕ್ಕೆ ಹಾರಿದಷ್ಟೇ ಬಲಕ್ಕೂ ಹಾರಬೇಕು. ಒಂದು ಕಡೆ ತುಂಬಿ ಇನ್ನೊಂದು ಕಡೆ ಬರಿದಾಗಿದ್ದರೆ, ಯಾವ ಉಪಕರಣಕ್ಕೂ ಸಿಗದ ಕಣವೊಂದು ಆ ಕಡೆಯಿಂದ ಪರಾರಿಯಾಗಿದೆ ಎಂದರ್ಥ. ವಿಶ್ವದ ತುಂಬ ಇದ್ದೂ ಮುಖ ತೋರಿಸದ ಕಪ್ಪುದ್ರವ್ಯವನ್ನು ಸೊಸೆ ಆರು ವರ್ಷಗಳಿಂದ ಹೀಗೆ ಹುಡುಕುತ್ತಿದ್ದಳು. ಹುಡುಕುವ ವಿಧಾನ ಗಟ್ಟಿಯಾಗುವ ತನಕ ಫಲಿತಾಂಶವನ್ನು ಯಾರೂ ಇಣುಕಿ ನೋಡಬಾರದೆಂಬ ಕಟ್ಟುನಿಟ್ಟು. ಮುಚ್ಚಿಟ್ಟಿದ್ದ ಅದನ್ನು ನಿನ್ನೆ ಸಂಜೆಯಷ್ಟೇ ತೆರೆದಿದ್ದರು. ಒಳಗಿದ್ದವು ಒಂದು ಕಡೆ ಬರಿದಾದ ಹನ್ನೊಂದು ಡಿಕ್ಕಿಗಳು. ಮಧ್ಯಾಹ್ನ ಮೂರಕ್ಕೆ ಅದನ್ನು ಎಲ್ಲರೆದುರು ಹೇಳಬೇಕಾದವಳು ಅವಳೇ.

ಅತ್ತೆಯದು ಕೇಬಲ್ ಜೋಡಿಸುವ ಕೆಲಸ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದೇ ಒಂದು ತಪ್ಪಿಲ್ಲ. ಇದನ್ನು ಅವರು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಸೊಸೆ ಮನೆಗೆ ಬಂದ ಮೊದಲ ವಾರದಲ್ಲೇ ಮೂರು ಸಲ ಹೇಳಿ ಮುಗಿಸಿದ್ದರು.

ಪುಟ್ಟಿ ಹುಟ್ಟಿದ ದಿನ ಯಂತ್ರಕ್ಕೆ ಚಳಿಗಾಲದ ರಜೆ. ಅತ್ತೆ ಕೆಳಗೆ ಸುರಂಗದಲ್ಲಿ ಹಳೆಯ ಕೇಬಲ್‌ಗಳನ್ನು ಬದಲಾಯಿಸುತ್ತಿದ್ದರು. ಕೈಯಲ್ಲಿ ಕೊನೆಯ ಎರಡು ಉಳಿದಿದ್ದಾಗ ಗೋಡೆಯ ಫೋನು ಬಡಿದುಕೊಂಡಿತು. “ಅಮ್ಮಾ, ಹೆಣ್ಣು! ಇಬ್ರೂ ಚೆನ್ನಾಗಿದ್ದಾರೆ!” ಎಂದು ಮಗ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಎರಡನ್ನೂ ಸಾಕೆಟ್ಟಿಗೆ ತುರುಕಿ ಲಿಫ್ಟಿಗೆ ಓಡಿದ್ದೂ ನೆನಪಿದೆ. ಯಾವುದನ್ನು ಯಾವುದಕ್ಕೆ ತುರುಕಿದ್ದೆಂಬುದು ಮಾತ್ರ, ಏನು ಮಾಡಿದರೂ ನೆನಪಿಗೆ ಬರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾದೀತು ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಎದುರಿಗೆ ಸೊಸೆಯ ಮುಖ ಅರಳಿ ಮೊರದಗಲ ಆಗಿತ್ತು. ಅದನ್ನು ಬಾಡಿಸಬೇಕಲ್ಲ ಎಂದುಕೊಳ್ಳುತ್ತ ಹಾಲಿನ ಲೋಟ ಕೆಳಗಿಟ್ಟರು.

“ಇವತ್ತು ಬುಧವಾರ ಅಲ್ವೇನೇ? ರಿಪೇರಿಗೆ ಅಂತ ಯಂತ್ರ ನಿಲ್ಲಿಸಿರ್ತಾರೆ. ನನ್ನ ಜೊತೆ ಕೆಳಗೆ ಬಾ.”

“ಈಗ್ಲಾ? ಮೂರು ಗಂಟೆಗೆ ನಾನು ಮಾತಾಡ್ಬೇಕು ಅತ್ತೆ!”

“ಅದಕ್ಕೇ ಈಗ್ಲೇ. ಅತ್ತೆ ಅಂದ್ರೆ ಸೊಸೆ ತಪ್ಪು ಹುಡುಕೋಳು ಅಂತಾರೆ. ನಾನು ನನ್ನದೇ ಹುಡುಕ್ಬೇಕಾಗಿದೆ.”

ಪುಟ್ಟಿಯನ್ನು ಅವಳಪ್ಪನ ತೋಳಿಗೆ ಹಾಕಿ ಇಬ್ಬರೂ ಹೊರಟರು. ಕೆಳಗೆ, ಹೆಲ್ಮೆಟ್ ಹಾಕಿದ ಅತ್ತೆ ಕಬ್ಬಿಣದ ಕಪಾಟಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟರು. ಉಪಕರಣದ ಎಡತುದಿಯಿಂದ ಬಂದ ಕೇಬಲ್ಲೂ ಬಲತುದಿಯಿಂದ ಬಂದದ್ದೂ ಇಲ್ಲಿ ಅಕ್ಕಪಕ್ಕದ ಸಾಕೆಟ್ಟಿನಲ್ಲಿ ಕೂರುತ್ತವೆ. ಅತ್ತೆ ನಂಬರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

“ಅದಲುಬದಲು,” ಎಂದರು.

“ಎರಡರಲ್ಲೂ ಸಿಗ್ನಲ್ ಸರಿಯಾಗೇ ಬರ್ತಿತ್ತು,” ಎಂದಳು ಸೊಸೆ ನಿಧಾನವಾಗಿ. “ಪರೀಕ್ಷೆ ಮಾಡಿದಾಗೆಲ್ಲ ಪಾಸು. ಆದ್ರೆ ಅಪರೂಪಕ್ಕೆ ಈ ಎಡತುದಿಗೆ ಬಿದ್ದಿದ್ದು ಬಲಕ್ಕೆ ಬಿದ್ದ ಹಾಗೆ...” ಅವಳು ಸಲಕರಣೆಗಳ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಕಣ್ಣು ತುಂಬಿ ಬಂತು. “ಯಾವತ್ತು ಹಾಕಿದ್ರಿ ಅತ್ತೆ ಇದನ್ನ?”

ಅತ್ತೆ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದರು, ಫೋನು, ಮಗನ ಕೂಗು, ಲಿಫ್ಟಿಗೆ ಓಡಿದ್ದು. ಹೇಳಿ ಮುಗಿಸುವಷ್ಟರಲ್ಲಿ ಪೆಟ್ಟಿಗೆಯ ಕಡೆಯಿಂದ ಏನೋ ಸದ್ದು. ಅಳುತ್ತಿದ್ದಾಳೆಂದುಕೊಂಡು ಗಾಬರಿಯಿಂದ ಟಾರ್ಚ್ ತಿರುಗಿಸಿದರೆ, ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಕಾಲ್ಗುಣ ಅಂತ ನಾನೇ ಹೇಳಿದ್ದಲ್ವಾ ಅತ್ತೆ!”

ಹನ್ನೆರಡು ಗಂಟೆಗೆ ಆ ಎರಡು ಕೇಬಲ್‌ಗಳನ್ನು ಕಂಪ್ಯೂಟರಿನಲ್ಲೂ ಅದಲುಬದಲು ಮಾಡಿ ಮತ್ತೆ ಲೆಕ್ಕ ಹಾಕಿದರು. ಹನ್ನೊಂದು ಡಿಕ್ಕಿಗಳೂ ಸದ್ದಿಲ್ಲದೆ ಸಮವಾದವು. ಮೂರಕ್ಕೆ ಸೊಸೆ ಕಿಕ್ಕಿರಿದ ಸಭೆಯ ಮುಂದೆ ನಿಂತು, “ಹೊಸ ಕಣ ಸಿಕ್ಕಿಲ್ಲ. ಎಲ್ಲೆಲ್ಲಿ ಇಲ್ಲ ಅಂತ ಮಾತ್ರ ಈಗ ಖಂಡಿತ ಗೊತ್ತಾಗಿದೆ,” ಎಂದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ತಂಡದ ಮುಖ್ಯಸ್ಥರು ರಿಪೇರಿ ರಿಜಿಸ್ಟರು ಹಿಡಿದು ಬಂದರು. ಏನು ಹೇಳಿದರೂ “ಹೌದಾ?” ಎನ್ನುವ ಅವರಿಗೆ ಹೌದಾ ಮೇಷ್ಟ್ರು ಎಂದೇ ಹೆಸರು. ರಿಜಿಸ್ಟರಿನ ಕೊನೆಯಲ್ಲಿ ‘ತಪ್ಪಿಗೆ ಕಾರಣ’ ಎಂಬ ಜಾಗವಿತ್ತು. ಇಪ್ಪತ್ತನಾಲ್ಕು ವರ್ಷ ಅತ್ತೆಯ ಪೆನ್ನು ಅಲ್ಲಿಗೆ ಹೋದದ್ದಿಲ್ಲ. ಈಗ ಹೋಗಿ, ಅಲ್ಲೇ ನಿಂತಿತು.

“ಅಜಾಗರೂಕತೆ ಅಂತ ಬರೀಲಾ?”

“ಕೊಡಿ ಇಲ್ಲಿ,” ಎಂದು ಸೊಸೆ ಪೆನ್ನು ಕಸಿದುಕೊಂಡು ದುಂಡಗೆ ಬರೆದಳು: ‘ಮೊಮ್ಮಗಳು ಹುಟ್ಟಿದ್ದು.’

ಮೇಷ್ಟ್ರು ಬಗ್ಗಿ ಓದಿದರು. “ಹೌದಾ?”

“ಹೌದು,” ಎಂದರು ಇಬ್ಬರೂ ಒಟ್ಟಿಗೆ.

ಮೇಷ್ಟ್ರು ಕೆಳಗೆ ಸಹಿ ಹಾಕಿ ಹೊರಟುಹೋದರು. ಅತ್ತೆ ರಿಜಿಸ್ಟರು ಮುಚ್ಚಲಿಲ್ಲ. ಸೊಸೆಯ ಅಕ್ಷರದ ಮೇಲೆ ಬಗ್ಗಿ, ಶಾಯಿ ಒಣಗುವ ತನಕ ಮೆಲ್ಲಗೆ ಊದುತ್ತ ಕೂತರು.