ಆಫ್ರಾಳ ತೂಕ

ಆ ನರ್ಸಿನ ಮೇಲೆ ರುಕಿಯಾರಿಗೆ ಬೆಳಿಗ್ಗೆಯಿಂದಲೇ ಸಂಶಯ. ಪುತ್ತೂರಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅಷ್ಟೊಂದು ಹಾಸಿಗೆಗಳಿದ್ದರೂ ಗಾನಶ್ರೀ ಎಂಬ ಆ ಹುಡುಗಿ ಸುತ್ತಿ ಬಳಸಿ ಇವರ ಮೊಮ್ಮಗಳ ಬಳಿಗೇ ಬರುತ್ತಿದ್ದಳು. ಬಂದಾಗಲೆಲ್ಲ ಒಂದೇ ಮಾತು.

"ಮಗುವನ್ನೊಮ್ಮೆ ತೂಕ ಮಾಡ್ಲಿಕ್ಕುಂಟು ಅಮ್ಮ."

"ಹೇಳಿದೆನಲ್ಲಾ, ಹದಿನೆಂಟು ಕೆಜಿ ಅಂತ. ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸ್ಬೇಡಿ."

ನಾಲ್ಕು ವರ್ಷದ ಆಫ್ರಾ ಹದಿನೆಂಟು ಕೆಜಿ ಇರಲಿಲ್ಲ. ಅದು ರುಕಿಯಾರಿಗೆ ಚೆನ್ನಾಗಿ ಗೊತ್ತಿತ್ತು. ತಾಯಿ ಜಸೀನಾ, ಗಂಡನಿದ್ದ ಶಾರ್ಜಾಕ್ಕೆ ಕೆಲಸಕ್ಕೆಂದು ಹೋದ ಮೇಲೆ ಮಗು ಊಟ ಕಂಡರೆ ಮುಖ ತಿರುಗಿಸುತ್ತಿತ್ತು. ಅಕ್ಕಿಯ ಪತ್ತಿರಿ ಮುರಿದು ಕೋಳಿ ಸಾರಿನಲ್ಲಿ ಅದ್ದಿ ಅಂಗಳವೆಲ್ಲ ಹಿಂದೆ ಓಡಿದರೂ ಎರಡು ತುತ್ತು ಒಳಗೆ ಇಳಿಯುತ್ತಿರಲಿಲ್ಲ. ಫೋನಿನಲ್ಲಿ ಸೊಸೆ ಕೇಳಿದಾಗ ಮಾತ್ರ, "ತಿಂದು ತಿಂದು ಗುಂಡಾಗಿದ್ದಾಳೆ, ಹದಿನೆಂಟಾಗಿದೆ" ಎನ್ನುತ್ತಿದ್ದರು. ಆಲಂಕಾರಿನ ಮನೆಯಲ್ಲಿ ಐದು ಮಕ್ಕಳನ್ನು ಸಾಕಿ ಬೆಳೆಸಿದ ಹೆಂಗಸು ಒಬ್ಬ ಮೊಮ್ಮಗಳನ್ನು ಸೊರಗಿಸಿದಳು ಎಂದು ಹೇಳಿಸಿಕೊಳ್ಳುವುದುಂಟೇ! ಇವತ್ತು ಜ್ವರ ನೆತ್ತಿಗೇರಿ ಮಗುವನ್ನು ಎತ್ತಿಕೊಂಡು ಓಡಿ ಬಂದಾಗ, ಗಡಿಬಿಡಿಯಲ್ಲಿದ್ದ ಡಾಕ್ಟರು ತೂಕ ಕೇಳಿದ್ದಕ್ಕೂ ಬಾಯಿಗೆ ಅದೇ ಬಂತು. ಅವರೂ ಅದನ್ನೇ ಬರೆದುಕೊಂಡರು.

ಈಗ ಈ ನರ್ಸಿಗೆ ಎಂಥ ಉಸಾಬರಿ? ಜಸೀನಾಳೇ ಗುಟ್ಟು ತಿಳಿಯಲು ಇವಳನ್ನು ಹಚ್ಚಿರಬೇಕು. ಗಾನಶ್ರೀ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ "ಆಫ್ರಾಳ ತಾಯಿಯಾ?" ಎಂದದ್ದು ಕಿವಿಗೆ ಬಿದ್ದ ಮೇಲಂತೂ ಅನುಮಾನ ಗಟ್ಟಿಯಾಯಿತು.

ಫೋನು ಇಟ್ಟವಳೇ ಅವಳು ತೂಕದ ಯಂತ್ರವನ್ನು ಹಾಸಿಗೆಯ ಬಳಿಗೇ ತಂದಳು. ರುಕಿಯಾ ಮಗುವಿಗೆ ಅಡ್ಡ ಕೂತರು.

"ನನ್ನ ಸೊಸೆ ಹೇಳಿದ್ದಲ್ವಾ? ಅವಳಿಗೆ ಚಾಡಿ ಹೇಳ್ಲಿಕ್ಕಾ ನೀವಿಲ್ಲಿ ಇರುದು?"

"ಎಂತ ಚಾಡಿ ಮಾರಾಯ್ರೆ! ಮಕ್ಕಳಿಗೆ ಇಂಜೆಕ್ಷನ್ ಕೆಜಿ ಲೆಕ್ಕದಲ್ಲಿ ಕೊಡುದು. ಬಾಯಲ್ಲಿ ಹೇಳಿದ ತೂಕಕ್ಕೆ ಕೊಡ್ಲಿಕ್ಕಿಲ್ಲ ಅಂತ ನಮ್ಮ ವಾರ್ಡಲ್ಲಿ ಕಟ್ಟುನಿಟ್ಟು ಉಂಟು. ನೀವು ಬಿಡ್ಲಿಲ್ಲ, ಅದಕ್ಕೆ ನೀವು ಚೀಟಿಯಲ್ಲಿ ಬರೆಸಿದ ನಂಬ್ರಕ್ಕೆ ಫೋನ್ ಮಾಡಿ ತಾಯಿಯನ್ನು ಕೇಳಿದೆ. ಅವರೂ ಹದಿನೆಂಟೇ ಅಂದ್ರು. ಆದ್ರೂ ನೋಡದೆ ಕೊಡುದಿಲ್ಲ. ಈ ಮದ್ದು ಹೆಚ್ಚಾದ್ರೆ ಕಿಡ್ನಿಗೆ ಪೆಟ್ಟು, ಕಿವಿಯೂ ಹೋಗ್ತದೆ."

ರುಕಿಯಾರಿಗೆ ತನ್ನ ತಪ್ಪು ಹೊಳೆಯಿತು. ಜಸೀನಾ ಗೂಢಚಾರಿಕೆ ಮಾಡಿಸಿರಲಿಲ್ಲ. ತಾನು ಹೇಳಿದ ಸುಳ್ಳನ್ನು ನಂಬಿ ಹಾಗೆಯೇ ಒಪ್ಪಿಸಿಬಿಟ್ಟಿದ್ದಾಳೆ, ಪಾಪದ ಹೆಣ್ಣು. ಮಾನ ಹೋದರೆ ಹೋಗಲಿ ಎಂದು ಅವರೇ ಮಗುವನ್ನು ಎತ್ತಿ ಯಂತ್ರದ ಮೇಲೆ ಕೂರಿಸಿದರು.

ಹದಿಮೂರು.

ಗಾನಶ್ರೀ ಡಾಕ್ಟರನ್ನು ಕರೆಸಿದಳು. ಅವರು ಯಂತ್ರದತ್ತ ಒಮ್ಮೆ, ರುಕಿಯಾರತ್ತ ಒಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿ ಮದ್ದು ಕಡಿಮೆ ಮಾಡಿದರು. ಇಂಜೆಕ್ಷನ್ ಆಗಿ ಮಗು ಮತ್ತೆ ಮಲಗಿದ ಮೇಲೆ ರುಕಿಯಾ ಸೊಸೆಗೆ ಫೋನು ಮಾಡಿದರು.

"ಜಸೀನಾ, ನಾನು ಇಷ್ಟು ದಿನ ನಿನ್ನತ್ರ ಸುಳ್ಳು ಹೇಳಿದ್ದು. ಮಗು ಹದಿಮೂರೇ ಕೆಜಿ ಉಂಟು."

ಆ ಕಡೆಯಿಂದ ಅಳು ಕೇಳಿಸಿತು.

"ನಂಗೆ ಗೊತ್ತಿತ್ತು ಉಮ್ಮಾ. ವಿಡಿಯೋದಲ್ಲಿ ಕೈಕಾಲು ಕಾಣ್ತದಲ್ಲಾ. ನೀವು ಹದಿನೆಂಟು ಹೇಳಿದ್ದೀರಿ ಅಂತ ಸಿಸ್ಟರ್ ಅಂದ್ರು. ಅಲ್ಲ ಅಂದ್ರೆ ನಿಮ್ಮ ಮರ್ಯಾದೆ ಹೋಗ್ತದೆ ಅಂತ ನಾನೂ ಹದಿನೆಂಟೇ ಅಂದೆ."