ಬಂಡೆಗಳ ನಡುವಿನ ದಾರಿ

ಅದು ಗೋಡೆಯೆಂದು ತೂದಾಳಿಗೆ ಮೊದಲು ತಿಳಿಯಲೇ ಇಲ್ಲ. ದಾರಿ ತಪ್ಪಿತೇನೋ ಅಂದುಕೊಂಡು ಊರುಗೋಲನ್ನು ಮಣ್ಣಿಗೆ ಊರಿ ಹಿಂದೆ ತಿರುಗಿ ನೋಡಿದಳು. ಕೆಳಗೆ ತಲಾತ್ ಊರಿನ ಮನೆಗಳು, ಅವಳು ಕುಂಟುತ್ತ ಹತ್ತಿಬಂದ ಕಾಲುದಾರಿ ಎಲ್ಲವೂ ಇದ್ದಲ್ಲೇ ಇದ್ದವು. ಮುಂದೆ ಮಾತ್ರ, ಎರಡು ಕೆಂಪು ಬಂಡೆಗಳ ನಡುವೆ ಹೆಂಗಸರು ಹೊರೆ ಹೊತ್ತು ದಾಟುತ್ತಿದ್ದ ಸಂದಿಯಲ್ಲಿ, ಮೂರನೆಯ ಬಂಡೆಯೊಂದು ಹುಟ್ಟಿಕೊಂಡಂತಿತ್ತು. ಹತ್ತಿರ ಹೋಗಿ ಕೈಯಿಟ್ಟ ಮೇಲೆ ಗೊತ್ತಾಯಿತು. ಕಲ್ಲಿನ ಮೇಲೆ ಕಲ್ಲು. ಕಲ್ಲುಹೂವು ಹಬ್ಬಿದ ಮೈಯನ್ನೇ ಆರಿಸಿ ಹೊರಕ್ಕೆ ತಿರುಗಿಸಿ, ಗಾರೆ ಎಲ್ಲೂ ಕಣ್ಣಿಗೆ ಬೀಳದಂತೆ ಕಟ್ಟಿದ್ದರು. ಹಾಗೆ ಕಟ್ಟಬೇಕೆಂದು ಇಲ್ಲಿನ ಕಟ್ಟಡದ ಕೆಲಸದಲ್ಲಿ ಎಲ್ಲರಿಗೂ ಹೇಳಿಕೊಟ್ಟವಳು ಅವಳೇ.

ತಲಾತ್ ಅವಳ ತಾಯಿಯ ಊರು. ಅಗಾದಿರ್ ಪಟ್ಟಣದಲ್ಲಿ ಮನೆಗಳ ನಕ್ಷೆ ಬರೆದುಕೊಂಡಿದ್ದ ತೂದಾ, ಕಾಲೇಜಿನ ಗೆಳತಿ ನುಹೈಲಾ ಯೋಗಕೇಂದ್ರಕ್ಕೆ ಜಾಗ ಹುಡುಕುತ್ತಿದ್ದಾಗ ಈ ಬೆಟ್ಟದ ಹೆಗಲನ್ನು ತೋರಿಸಿದ್ದಳು. ಒಂದು ಬಾದಾಮಿ ಮರವನ್ನೂ ಕಡಿಯಬಾರದು, ಒಂದು ಬಂಡೆಯನ್ನೂ ಸಿಡಿಸಬಾರದು ಎಂದು ಹಟ ಹಿಡಿದು ನಕ್ಷೆ ಮಾಡಿದ್ದಳು. ದೊಡ್ಡ ಬಂಡೆಯೊಂದೇ ಯೋಗಶಾಲೆಯ ಹಿಂಗೋಡೆ. ಮಾಡಿನ ಮೇಲೆ ಮಣ್ಣು ಹಾಸಿ ಬೆಟ್ಟದ ಹುಲ್ಲನ್ನೇ ಬೆಳೆಸಿದ್ದಳು. ಕೆಳಗಿನಿಂದ ನೋಡಿದವರಿಗೆ ಬರೀ ಬೆಟ್ಟ ಕಾಣುತ್ತಿತ್ತು.

ಜಾಗ ಇಡೀ ಊರಿನದು. ಗಂಡಸರಲ್ಲಿ ಹೆಚ್ಚಿನವರು ಕಾಸಾಬ್ಲಾಂಕಾದಲ್ಲಿ ಅಂಗಡಿ ಇಟ್ಟುಕೊಂಡಿದ್ದರಿಂದ ಹೆಂಗಸರು ಒಪ್ಪದೆ ಅಲ್ಲಿ ಏನೂ ನಡೆಯುವಂತಿರಲಿಲ್ಲ. ಅವರ ಒರತೆ, ಬಾದಾಮಿ ತೋಪು ಎರಡೂ ಬಂಡೆಗಳ ಆಚೆಗಿದ್ದವು.

"ದಾರಿ ಮುಚ್ಚಿದ್ರೆ ನಾವೇನು ಹಾರ್ಕೊಂಡು ಹೋಗ್ಬೇಕಾ?" ಎಂದು ಅವಳ ದೊಡ್ಡವ್ವ ಇಜ್ಜಾ ಕೇಳಿದ್ದಳು.

"ದಾರಿ ಬಿಟ್ಟೇ ಕಟ್ತೀನಿ ದೊಡ್ಡವ್ವ. ನನ್ನ ಮಾತು."

ಇಜ್ಜಾ ಉಳಿದವರ ಕಡೆ ತಿರುಗಿ, "ನಮ್ಮ ಮಗೂನೇ ಹೇಳ್ತಾ ಅವ್ಳೆ, ಇನ್ನೇನ್ ಬೇಕು?" ಎಂದು ಚಹಾ ಬಗ್ಗಿಸಿದ್ದಳು. ಮಾತು ಅಲ್ಲಿಗೆ ಮುಗಿದಿತ್ತು.

ಕಟ್ಟಡ ಮುಗಿಯುತ್ತ ಬಂದಾಗ ತೂದಾ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಳು. ಚಳಿಗಾಲವೆಲ್ಲ ಅಗಾದಿರ್‌ನ ಮನೆಯಲ್ಲಿ ಹಾಸಿಗೆ ಹಿಡಿದಳು. ನುಹೈಲಾ ವಾರವಾರವೂ ಬರುತ್ತಿದ್ದಳು. ಕಿತ್ತಳೆ ಸುಲಿದು ಬಾಯಿಗಿಡುತ್ತಿದ್ದಳು, ತಲೆ ಬಾಚಿ ಜಡೆ ಹಾಕುತ್ತಿದ್ದಳು, ಫೋನಿನಲ್ಲಿ ಚಿತ್ರ ತೋರಿಸುತ್ತಿದ್ದಳು. ನೆಲದ ಮೇಲೆ ಬೆಳಗಿನ ಬಿಸಿಲು, ಕಿಟಕಿಯಲ್ಲಿ ಬಾದಾಮಿ ಹೂವು. ಎಲ್ಲವೂ ಒಳಗಿನಿಂದ ತೆಗೆದವು.

ಈಗ ತೂದಾ ಬಂಡೆಗಳನ್ನು ಸುತ್ತಿಕೊಂಡು ಯೋಗಕೇಂದ್ರದ ರಸ್ತೆ ಕಡೆಯ ಬಾಗಿಲಿಗೆ ಹೋದಳು. ನುಹೈಲಾ ಓಡಿಬಂದು ತಬ್ಬಿಕೊಂಡಳು.

"ಬರ್ತೀನಿ ಅಂತ ಒಂದು ಮಾತು ಹೇಳೋದಲ್ವೇನೇ? ಕಾರು ಕಳಿಸ್ತಿದ್ದೆ."

"ಸಂದೀಲಿ ಗೋಡೆ ಎದ್ದಿದೆ."

"ನೋಡಿದ್ಯಾ? ಚೆನ್ನಾಗಿ ಬಂದಿದೆ ಅಲ್ವಾ? ಅದು ಗೋಡೆ ಅಂತ ಇಲ್ಲಿಗೆ ಬಂದೋರು ಯಾರಿಗೂ ಗೊತ್ತಾಗಿಲ್ಲ." ನುಹೈಲಾಳ ಮುಖದಲ್ಲಿ ಅಳುಕೇ ಇರಲಿಲ್ಲ.

"ಅದು ಅವರು ಓಡಾಡೋ ದಾರಿ."

"ಬೆಟ್ಟದ ಹಿಂದೆ ಇನ್ನೊಂದು ಇದೆಯಲ್ಲ. ಸ್ವಲ್ಪ ಸುತ್ತು, ಅಷ್ಟೇ. ನೋಡು, ಜನ ಕಣ್ಣು ಮುಚ್ಚಿ ಕೂತಿರ್ತಾರೆ. ಅಷ್ಟೊತ್ತಿಗೆ ಹೆಂಗಸರು ಬಂದು ಕಿಟಕಿ ಮುಂದೆ ನಿಂತು ಕಿಸಿಕಿಸಿ ನಗ್ತಾರೆ. ಹೀಗಾದ್ರೆ ಎರಡನೇ ಸಲ ಯಾರು ಬರ್ತಾರೆ?"

"ನನ್ನನ್ನ ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ. ನೀನೇ ನೋವು ತಿಂತಾ ಮಲಗಿದ್ದೆ, ಅದರ ಮೇಲೆ ಇದೊಂದು ಯಾಕೆ ಅಂತ ಸುಮ್ನಾದೆ."

"ಬಿಹಿ ಹೇಗೆ ಕಟ್ಟಿದ?" ಬಿಹಿ ತಲಾತ್‌ನವನೇ ಆದ ಮೇಸ್ತ್ರಿ. "ಅವನ ಹೆಂಡ್ತೀನೂ ಅಲ್ಲೇ ನೀರಿಗೆ ಹೋಗೋಳು."

ನುಹೈಲಾ ಅವಳ ಮೊಣಕೈ ಹಿಡಿದಳು. "ನೀನು ಒಪ್ಪಿದೀಯ ಅಂತ ಅವನಿಗೆ ಹೇಳಿದೆ. ಇಲ್ಲದಿದ್ರೆ ಅವನು ಕಲ್ಲು ಮುಟ್ತಿರಲಿಲ್ಲ."

ತೂದಾ ಆ ಕೈಯನ್ನು ನೋಡಿದಳು. ಹಾಸಿಗೆಯ ಪಕ್ಕ ಕೂತು ಅವಳ ತಲೆ ಬಾಚುತ್ತಿದ್ದ ಬೆರಳುಗಳು ಈಗ ಅವಳ ಮೊಣಕೈಯನ್ನು ಮೆಲ್ಲಗೆ ಸವರುತ್ತಿದ್ದವು.

"ನನಗೆ ಜಡೆ ಹಾಕ್ತಾ ಕೂತಿದ್ದಾಗ್ಲೇ ಗೋಡೆ ಮುಗಿದಿತ್ತಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ ತೂದಾ?"

ನುಹೈಲಾ ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ಅದೇ ತೂದಾಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. "ಗೋಡೆ ತೆಗೆಸು" ಎಂದಳು. "ಜನ ಎಲ್ಲೆಲ್ಲಿಂದಲೋ ಬಂದಿದಾರೆ ಕಣೇ. ಈ ಸಲದ ಶಿಬಿರ ಮುಗೀಲಿ, ಆಮೇಲೆ ನೋಡೋಣ" ಎಂದ ನುಹೈಲಾ, ಒಳಗಿನಿಂದ ಗಂಟೆಯ ಸದ್ದು ಬಂದದ್ದೇ ಚಪ್ಪಲಿ ಬಿಟ್ಟು ಯೋಗಶಾಲೆಗೆ ಹೋದಳು.

ಕೆಳಗೆ ಊರಿನಲ್ಲಿ ಇಜ್ಜಾ ತನ್ನ ಮನೆಯ ಅಂಗಳದಲ್ಲಿ ಬೀಸುಕಲ್ಲಿಗೆ ಹುರಿದ ಬಾದಾಮಿ ಹಾಕುತ್ತಿದ್ದಳು. ತೂದಾಳನ್ನು ಕಂಡು ಕೈ ಒರೆಸಿಕೊಂಡು ಎದ್ದಳು.

"ಬನ್ನಿ, ಒಳಗೆ ಬನ್ನಿ."

ಯಾರೋ ತನ್ನ ಹಿಂದೆಯೇ ಬಂದಿದ್ದಾರೆ ಅಂದುಕೊಂಡು ತೂದಾ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ದೊಡ್ಡವ್ವ, ನಾನು ಕಣೇ."

"ಗೊತ್ತಾಯ್ತು. ಕಾಲು ವಾಸಿ ಆಯ್ತಾ? ಕೂತ್ಕಳಿ." ಇಜ್ಜಾ ಪಟ್ಟಣದವರು ಬಂದಾಗ ಮಾತ್ರ ಹೊರಗೆ ಬರುವ ಕಂಬಳಿ ಹಾಸಿದಳು. ಒಳ್ಳೆಯ ಲೋಟಗಳನ್ನು ತೊಳೆದು ತಂದಳು. ಬಾರ್ಲಿ ರೊಟ್ಟಿ, ಜೇನು, ಬೆಣ್ಣೆ ಎಲ್ಲ ಬಂತು. ತೂದಾ ಚಿಕ್ಕವಳಿದ್ದಾಗ ಈ ಮನೆಯಲ್ಲಿ ಬೀಸುಕಲ್ಲಿನಿಂದ ಇಳಿಯುವ ಬಾದಾಮಿ ಪಾಕಕ್ಕೇ ಬೆರಳದ್ದಿ ನೆಕ್ಕಿ ಬೈಸಿಕೊಂಡವಳು.

"ನಾನು ಹೇಳಿ ಕಟ್ಟಿಸಿದ್ದಲ್ಲ. ನನಗೆ ಗೊತ್ತೇ ಇರ್ಲಿಲ್ಲ."

"ಇರ್ಬೋದು."

"ಅವಳು ಸುಳ್ಳು ಹೇಳಿದ್ಲು."

"ಇರ್ಬೋದು ಅಂದ್ನಲ್ಲ." ಇಜ್ಜಾ ಸಕ್ಕರೆ ಅಚ್ಚನ್ನು ಒಡೆದು ಲೋಟಕ್ಕೆ ಹಾಕಿದಳು. "ಅವ್ಳು ಯಾವೂರೋಳೋ ಏನೋ, ನಮ್ಗೆ ಗೊತ್ತಾ? ನಾವು ಜಾಗ ಕೊಟ್ಟಿದ್ದು ಅವ್ಳ ಮುಖ ನೋಡ್ಕೊಂಡಲ್ಲ. ಅವತ್ತು ಹೂಂ ಅಂದೋರೆಲ್ಲ ಈಗ ಒರತೆ ಹತ್ರ ನನ್ನೇ ಕೇಳ್ತಾರೆ. ಏನಂತ ಹೇಳ್ಲಿ? ತಿನ್ನಿ, ರೊಟ್ಟಿ ಆರ್ತದೆ."

ತೂದಾ ತಿಂದಳು. ಆ ರಾತ್ರಿ ಇಜ್ಜಾ ಅವಳಿಗೆ ಅತಿಥಿಗಳ ಕೋಣೆಯಲ್ಲಿ ಹಾಸಿಕೊಟ್ಟು, ತಾನು ಒಳಗೆ ಹೋಗಿ ಮಲಗಿದಳು.

ಬೆಳಿಗ್ಗೆ ಹೆಂಗಸರು ನೀರಿಗೆ ಹೊರಟಾಗ ತೂದಾಳೂ ಎದ್ದು ಬಂದಳು. ಬನ್ನಿ ಎಂದು ಯಾರೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮುಂದಿದ್ದವರು ದಾರಿ ಕವಲೊಡೆಯುವಲ್ಲಿ ಸುತ್ತುದಾರಿ ಹಿಡಿದು ಆಗಲೇ ದೂರ ಹೋಗಿದ್ದರು. ಇಜ್ಜಾಳ ಮುದಿ ಕತ್ತೆ ಮಾತ್ರ ಹಳೆಯ ದಾರಿಗೇ ತಿರುಗಿತು. ಇಜ್ಜಾ ತಡೆಯಲಿಲ್ಲ. ದಿನವೂ ಹೀಗೇ ನಡೆಯುತ್ತಿರಬೇಕು. ಅವಳು ಕವಲಿನಲ್ಲಿ ಕಲ್ಲೊಂದರ ಮೇಲೆ ಕೂತು ಕಾದಳು. ತೂದಾ ಊರುಗೋಲೂರುತ್ತ ಕತ್ತೆಯ ಹಿಂದೆ ಹತ್ತಿದಳು.

ಗೋಡೆಯಾಚೆಯಿಂದ ನುಹೈಲಾಳ ತಣ್ಣನೆಯ ದನಿ ಸಣ್ಣಗೆ ಕೇಳುತ್ತಿತ್ತು. ಉಸಿರು ಒಳಗೆ, ಉಸಿರು ಹೊರಗೆ. ತೂದಾ ಎರಡು ಕಲ್ಲುಗಳು ಕೂಡುವಲ್ಲಿ ಉಗುರು ತೂರಿಸಲು ನೋಡಿದಳು. ಉಗುರಿನಷ್ಟೂ ಎಡೆ ಇರಲಿಲ್ಲ. ಕತ್ತೆ ಎರಡೂ ಕಡೆ ಖಾಲಿ ಕ್ಯಾನುಗಳನ್ನು ತೂಗಿಕೊಂಡು, ಕಲ್ಲಿಗೆ ಮೂತಿ ತಾಗಿಸಿ, ಬಾಗಿಲು ತೆರೆಯುವುದನ್ನು ಕಾಯುವಂತೆ ಸುಮ್ಮನೆ ನಿಂತಿತ್ತು. ತೂದಾ ಹಗ್ಗ ಹಿಡಿದಳು, ಆದರೆ ಎಳೆಯಲಿಲ್ಲ.